2¹²⁷ − 1: ಒಂದು ಅವಿಭಾಜ್ಯ ಸಂಖ್ಯೆಯ ಚರಿತ್ರೆ ಮತ್ತು ಪ್ರಮಾಣವಿಚಾರ

1

ಒಂದಕ್ಕಿಂತ ದೊಡ್ಡದಾಗಿದ್ದು, ಒಂದರಿಂದಲೂ ತನ್ನಿಂದಲೂ ಹೊರತು ಬೇರೆ ಯಾವ ಪೂರ್ಣಾಂಕದಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಗೆ ಅವಿಭಾಜ್ಯ ಸಂಖ್ಯೆಯೆಂದು ಹೆಸರು. 2, 3, 5, 7, 11, 13 ಇವು ಅಂತಹವು. ಇವುಗಳಿಗೆ ಕೊನೆಯಿಲ್ಲವೆಂಬುದನ್ನು ಯೂಕ್ಲಿಡನು ತನ್ನ ‘ಮೂಲತತ್ತ್ವಗಳು’ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಸಾಧಿಸಿದ್ದಾನೆ. ಕೊನೆಯಿಲ್ಲವೆಂದು ತಿಳಿಯುವುದು ಬೇರೆ. ಇದಿರಿಗಿರುವ ಒಂದು ದೊಡ್ಡ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ನಿರ್ಣಯಿಸುವುದು ಬೇರೆ. ಎರಡನೆಯದು ಎಷ್ಟು ಕಷ್ಟವೆಂಬುದನ್ನು ಮುಂದಿನ ಸಂಖ್ಯೆಯ ಚರಿತ್ರೆಯಿಂದ ಅರಿಯಬಹುದು:

170141183460469231731687303715884105727

ಎರಡನ್ನು 127 ಸಲ ಬರೆದು ಗುಣಿಸಿ, ಬಂದ ಫಲದಲ್ಲಿ ಒಂದನ್ನು ಕಳೆದರೆ ದೊರೆಯುವ 39 ಅಂಕಿಗಳ ಸಂಖ್ಯೆಯಿದು. ಇದು ಅವಿಭಾಜ್ಯವೆಂದು 1644ರಲ್ಲಿ ಒಬ್ಬ ಸಂನ್ಯಾಸಿ ಹೇಳಿದನು. 1876ರಲ್ಲಿ ಒಬ್ಬ ಅಧ್ಯಾಪಕನು ಪರೀಕ್ಷಿಸಿ ತೋರಿಸಿದನು. ಆಮೇಲೆ ಎಪ್ಪತ್ತೈದು ವರ್ಷ, 1951ರ ವರೆಗೆ, ಮನುಷ್ಯನಿಗೆ ತಿಳಿದಿದ್ದ ಅವಿಭಾಜ್ಯ ಸಂಖ್ಯೆಗಳಲ್ಲೆಲ್ಲ ಇದೇ ಅತ್ಯಂತ ದೊಡ್ಡದಾಗಿ ಉಳಿಯಿತು. ಯಂತ್ರದ ನೆರವಿಲ್ಲದೆ ಕೈಲೆಕ್ಕದಿಂದ ಕಂಡುಹಿಡಿದ ಅವಿಭಾಜ್ಯ ಸಂಖ್ಯೆಗಳಲ್ಲಿ ಇಂದಿಗೂ ಇದಕ್ಕೇ ಮೊದಲ ಸ್ಥಾನ.

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಗಣಿತದ ವಿಷಯಕ್ಕೆ ಎಡೆಯೆಲ್ಲಿ ಎಂದು ಕೇಳಬಹುದು. ಒಂದು ಹೇಳಿಕೆಯನ್ನು ಯಾವ ಆಧಾರದ ಮೇಲೆ ನಿಜವೆಂದು ಒಪ್ಪಬೇಕು ಎಂಬುದು ಇತಿಹಾಸಕಾರನ ನಿತ್ಯದ ಪ್ರಶ್ನೆ. ಗಣಿತದಲ್ಲಿ ಈ ಪ್ರಶ್ನೆಗೆ ಅವಕಾಶವೇ ಇಲ್ಲವೆಂದೂ ಅಲ್ಲಿ ಎಲ್ಲವೂ ಸ್ವತಃ ಸಿದ್ಧವೆಂದೂ ಹೊರಗಿನವರ ಭಾವನೆ. ಆದರೆ ಈ ಸಂಖ್ಯೆಯ ಮತ್ತು ಅದರ ಒಡಹುಟ್ಟುಗಳ ಚರಿತ್ರೆಯನ್ನು ನೋಡಿದರೆ, ಅಲ್ಲಿಯೂ ದೊಡ್ಡವರ ಮಾತಿಗೆ ಮಣಿದ ಕಾಲವಿತ್ತು, ಸಾಕ್ಷ್ಯವಿಲ್ಲದ ನಿಜವಿತ್ತು, ಪ್ರತಿಷ್ಠೆ ಪಡೆದ ತಪ್ಪೂ ಇತ್ತು ಎಂಬುದು ಸ್ಪಷ್ಟವಾಗುತ್ತದೆ. ನಮ್ಮ ತರ್ಕಶಾಸ್ತ್ರಜ್ಞರು ಹೇಳುವ ಶಬ್ದ, ಪ್ರತ್ಯಕ್ಷ, ಅನುಮಾನ ಎಂಬ ಮೂರು ಪ್ರಮಾಣಗಳೂ ಇಲ್ಲಿ ಬೇರೆಬೇರೆಯಾಗಿ ಕಾಣಸಿಗುತ್ತವೆ. ಅವುಗಳ ಬಲಾಬಲವನ್ನು ಪರಾಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ.

2

ಎರಡರ ಘಾತದಿಂದ ಒಂದನ್ನು ಕಳೆದು ಬರುವ ಸಂಖ್ಯೆಗಳಲ್ಲಿ ಆಸಕ್ತಿ ಹುಟ್ಟಿದುದು ಪರಿಪೂರ್ಣ ಸಂಖ್ಯೆಗಳ ಮೂಲಕ. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆ ಪರಿಪೂರ್ಣ ಸಂಖ್ಯೆ; 6 = 1 + 2 + 3 ಎಂಬುದು ಇದಕ್ಕೆ ನಿದರ್ಶನ. 28, 496, 8128 ಇವು ಅನಂತರದವು. 3, 7, 31, 127 ಮೊದಲಾದ, ಎರಡರ ಘಾತಕ್ಕೆ ಒಂದು ಕಡಿಮೆಯಾದ ಸಂಖ್ಯೆ ಅವಿಭಾಜ್ಯವಾಗಿದ್ದಲ್ಲಿ, ಅದನ್ನು ಅದರ ಹಿಂದಿನ ಎರಡರ ಘಾತದಿಂದ ಗುಣಿಸಿದರೆ ಪರಿಪೂರ್ಣ ಸಂಖ್ಯೆ ಬರುತ್ತದೆಂದು ಯೂಕ್ಲಿಡನು ತೋರಿಸಿದನು. ಏಳನ್ನು ನಾಲ್ಕರಿಂದ ಗುಣಿಸಿದರೆ ಇಪ್ಪತ್ತೆಂಟು. ಮೂವತ್ತೊಂದನ್ನು ಹದಿನಾರರಿಂದ ಗುಣಿಸಿದರೆ ನಾನೂರ ತೊಂಬತ್ತಾರು.

ಘಾತಾಂಕವು ಭಾಜ್ಯವಾಗಿದ್ದರೆ ಇಂತಹ ಸಂಖ್ಯೆಯೂ ಭಾಜ್ಯವೇ. ಆದುದರಿಂದ ಅವಿಭಾಜ್ಯ ಘಾತಾಂಕಗಳನ್ನು ಮಾತ್ರ ಪರೀಕ್ಷಿಸಿದರೆ ಸಾಕು. ಆದರೆ ಘಾತಾಂಕವು ಅವಿಭಾಜ್ಯವಾದ ಮಾತ್ರಕ್ಕೆ ಫಲವೂ ಅವಿಭಾಜ್ಯವಾಗಬೇಕೆಂಬ ನಿಯಮವಿಲ್ಲ. 2¹¹ − 1, ಅಂದರೆ 2047, ಎಂಬುದು 23 ಮತ್ತು 89ರ ಗುಣಲಬ್ಧವೆಂದು 1536ರಲ್ಲಿ ರೇಗಿಯುಸ್ ಎಂಬವನು ತೋರಿಸಿದನು.

ಹಾಗಾದರೆ ನಿರ್ಣಯಿಸುವ ಬಗೆ ಯಾವುದು? ಬಹುಕಾಲದ ವರೆಗೆ ಇದ್ದ ಉಪಾಯ ಒಂದೇ: ಸಂಖ್ಯೆಯ ವರ್ಗಮೂಲದ ವರೆಗಿನ ಎಲ್ಲ ಅವಿಭಾಜ್ಯ ಸಂಖ್ಯೆಗಳಿಂದಲೂ ಅದನ್ನು ಭಾಗಿಸಿ ನೋಡುವುದು. ಬೊಲೋನದ ಪ್ರಾಧ್ಯಾಪಕನಾಗಿದ್ದ ಪಿಯೆತ್ರೊ ಕಟಾಲ್ಡಿಯು 750ರ ವರೆಗಿನ ಅವಿಭಾಜ್ಯ ಸಂಖ್ಯೆಗಳ ಪಟ್ಟಿಯನ್ನು ಮಾಡಿಕೊಂಡು, ಈ ಮಾರ್ಗದಲ್ಲಿಯೇ 131071 ಮತ್ತು 524287 ಎಂಬ ಎರಡು ಸಂಖ್ಯೆಗಳು, ಎಂದರೆ ಘಾತಾಂಕ 17 ಮತ್ತು 19ರವು, ಅವಿಭಾಜ್ಯಗಳೆಂದು ಸ್ಥಾಪಿಸಿದನು. ಎರಡನೆಯದರ ವರ್ಗಮೂಲ 724ರಷ್ಟಿರುವುದರಿಂದ ಅವನ ಪಟ್ಟಿ ಅಲ್ಲಿಗೆ ಸಾಕಾಯಿತು. ಪಟ್ಟಿ ಮುಗಿದ ಮೇಲೂ ಅವನು ನಿಲ್ಲಲಿಲ್ಲ. 23, 29, 31, 37 ಎಂಬ ಘಾತಾಂಕಗಳೂ ಅವಿಭಾಜ್ಯಗಳನ್ನು ಕೊಡುತ್ತವೆಂದು 1603ರ ತನ್ನ ಗ್ರಂಥದಲ್ಲಿ ಬರೆದನು. ಈ ನಾಲ್ಕರಲ್ಲಿ ನಿಜವಾದುದು 31 ಒಂದೇ. ಭಾಗಿಸಿ ನೋಡಿದ ಕಡೆ ಅವನ ಮಾತು ನಿಂತಿತು. ಊಹಿಸಿದ ಕಡೆ ಮುಕ್ಕಾಲುಪಾಲು ಬಿದ್ದಿತು.

3

ಮಾರಿನ್ ಮರ್ಸೆನ್ (1588–1648) ಪ್ಯಾರಿಸ್ಸಿನಲ್ಲಿ ವಾಸವಾಗಿದ್ದ ಮಿನಿಮ್ ಪಂಥದ ಸಂನ್ಯಾಸಿ. ವಿದ್ವತ್ಪತ್ರಿಕೆಗಳು ಇನ್ನೂ ಹುಟ್ಟದಿದ್ದ ಆ ಕಾಲದಲ್ಲಿ ಯುರೋಪಿನ ವಿದ್ವಾಂಸರ ಶೋಧಗಳು ಪತ್ರಗಳ ಮೂಲಕ ಅವನ ಮಠದ ಕೋಣೆಗೆ ಬಂದು ಅಲ್ಲಿಂದ ಇತರರಿಗೆ ತಲಪುತ್ತಿದ್ದುವು. ಡೆಕಾರ್ಟ್, ಫರ್ಮಾ ಮೊದಲಾದವರೊಡನೆ ಅವನಿಗೆ ನಿರಂತರ ಪತ್ರವ್ಯವಹಾರವಿತ್ತು. 1640ರಲ್ಲಿ ಫರ್ಮಾ ಅವನಿಗೆ ಒಂದು ಮುಖ್ಯ ಸಂಗತಿಯನ್ನು ತಿಳಿಸಿದನು: ಘಾತಾಂಕವು 2ಕ್ಕಿಂತ ದೊಡ್ಡದಾದ ಅವಿಭಾಜ್ಯವಾಗಿದ್ದರೆ, ಇಂತಹ ಸಂಖ್ಯೆಯ ಯಾವ ಅವಿಭಾಜ್ಯ ಭಾಜಕವೇ ಆಗಲಿ ಘಾತಾಂಕದ ಎರಡರಷ್ಟರ ಅಪವರ್ತ್ಯಕ್ಕೆ ಒಂದು ಹೆಚ್ಚಾಗಿರಲೇಬೇಕು. ಇದನ್ನು ಬಳಸಿ 2²³ − 1 ಎಂಬುದು 47ರಿಂದಲೂ 2³⁷ − 1 ಎಂಬುದು 223ರಿಂದಲೂ ಭಾಗವಾಗುತ್ತದೆಂದು ಫರ್ಮಾ ಕಂಡಿದ್ದನು. ಕಟಾಲ್ಡಿಯ ಮಾತಿನಲ್ಲಿ ಎರಡು ಹೀಗೆ ಬಿದ್ದುಹೋದುವು.

1644ರಲ್ಲಿ ಮರ್ಸೆನ್ನನು ತನ್ನ ‘ಕೊಗಿಟಾಟ ಫಿಸಿಕೊ-ಮ್ಯಾಥಮೆಟಿಕ’ ಎಂಬ ಲ್ಯಾಟಿನ್ ಗ್ರಂಥವನ್ನು ಪ್ರಕಟಿಸಿದನು. ಅದರ ಮುನ್ನುಡಿಯಲ್ಲಿ, 257ರ ವರೆಗಿನ ಘಾತಾಂಕಗಳ ಪೈಕಿ ಅವಿಭಾಜ್ಯಗಳನ್ನು ಕೊಡುವವು 2, 3, 5, 7, 13, 17, 19, 31, 67, 127, 257 ಎಂಬ ಹನ್ನೊಂದೇ ಎಂದು ಸಾರಿದನು. ಸಾಧನೆಯನ್ನು ಕೊಡಲಿಲ್ಲ. 257ನೆಯ ಘಾತದ ಸಂಖ್ಯೆಯಲ್ಲಿ 78 ಅಂಕಿಗಳಿವೆ. ಭಾಗಾಕಾರವೊಂದೇ ಸಾಧನವಾಗಿದ್ದ ಕಾಲದಲ್ಲಿ ಅದನ್ನು ಪರೀಕ್ಷಿಸಿರಲು ಸಾಧ್ಯವೇ ಇಲ್ಲ. ಹದಿನೈದಿಪ್ಪತ್ತು ಅಂಕಿಗಳ ಸಂಖ್ಯೆಯೊಂದನ್ನು ನಿರ್ಣಯಿಸಲು ಕಾಲವೆಲ್ಲವೂ ಸಾಲದೆಂದು ಅವನೇ ಒಪ್ಪಿಕೊಂಡಿದ್ದಾನೆ.

ಹಾಗಿದ್ದರೆ ಅವನ ಪಟ್ಟಿಗೆ ಮೂಲವೇನು? ಕೊನೆಯ ಮೂರು ಘಾತಾಂಕಗಳನ್ನು ನೋಡಿದರೆ 67 = 64 + 3, 127 = 128 − 1, 257 = 256 + 1 ಎಂದು, ಮೂರೂ ಎರಡರ ಘಾತಗಳ ಮಗ್ಗುಲಲ್ಲಿವೆ. ಚಿಕ್ಕ ಘಾತಾಂಕಗಳಲ್ಲಿ 3, 5, 7, 13, 17, 19, 31 ಇವೂ ಹಾಗೆಯೇ 4, 8, 16, 32ರ ಸಮೀಪದವು. ಈ ಸಾಮ್ಯದಿಂದ ಅವನು ಒಂದು ನಿಯಮವನ್ನು ಊಹಿಸಿ ಅದನ್ನು ದೂರದ ವರೆಗೆ ಎಳೆದನೆಂದು ಹೇಳುವುದು ಯುಕ್ತವಾಗಿ ತೋರುತ್ತದೆ. ಇದು ಅನುಮಾನವೇ ಹೊರತು ದಾಖಲೆಯಿಂದ ಸಿದ್ಧವಾದುದಲ್ಲ.

ಆಧಾರವೇನೇ ಇರಲಿ, ಅನಂತರದ ಎರಡು ಶತಮಾನಗಳಿಗೂ ಮೀರಿ ಈ ಪಟ್ಟಿ ಆಪ್ತವಾಕ್ಯದ ಸ್ಥಾನವನ್ನು ಪಡೆಯಿತು. ಹೇಳಿದವನು ಎಲ್ಲರನ್ನೂ ಬಲ್ಲವನು, ಫರ್ಮಾನ ಸ್ನೇಹಿತನು, ತನ್ನಲ್ಲಿಲ್ಲದ ಸಾಧನೆಯನ್ನು ಬೇರೆಯವರಿಂದ ಪಡೆದಿದ್ದರೂ ಇರಬಹುದು. ಇಂತಹ ಗೌರವವು ಪಟ್ಟಿಗೆ ಬಲವನ್ನು ಕೊಟ್ಟಿತು. ಈ ಜಾತಿಯ ಸಂಖ್ಯೆಗಳಿಗೇ ‘ಮರ್ಸೆನ್ ಸಂಖ್ಯೆಗಳು’ ಎಂಬ ಹೆಸರು ನಿಂತಿತು.

4

ಪಟ್ಟಿಯ ಮೊದಲ ಗಟ್ಟಿ ಪರೀಕ್ಷೆ ಆಯ್ಲರನದು. ಅವನು 1738ರಲ್ಲಿ 2²⁹ − 1 ಎಂಬುದು 233ರಿಂದ ಭಾಗವಾಗುತ್ತದೆಂದು ತೋರಿಸಿದನು. 1772ರಲ್ಲಿ 2³¹ − 1, ಅಂದರೆ 2147483647, ಅವಿಭಾಜ್ಯವೆಂದು ಸ್ಥಾಪಿಸಿದನು. ಇದರ ವರ್ಗಮೂಲ 46340ಕ್ಕೆ ತುಸು ಹೆಚ್ಚು. ಆದರೆ ಫರ್ಮಾನ ನಿಯಮದಂತೆ ಭಾಜಕವು 62ರ ಅಪವರ್ತ್ಯಕ್ಕೆ ಒಂದು ಹೆಚ್ಚಿರಬೇಕು. ಮೇಲಾಗಿ, 8ರಿಂದ ಭಾಗಿಸಿದಾಗ ಅದರ ಶೇಷ 1 ಅಥವಾ 7 ಆಗಿರಬೇಕು. ಈ ಎರಡು ನಿಬಂಧನೆಗಳನ್ನೂ ಸೇರಿಸಿದರೆ ಭಾಜಕವನ್ನು 248ರಿಂದ ಭಾಗಿಸಿದಾಗ 1 ಅಥವಾ 63 ಮಾತ್ರ ಉಳಿಯಬಹುದು. ಅಂತಹ ಸಂಖ್ಯೆಗಳು 46340ರ ಒಳಗೆ 372 ಮಾತ್ರ ಇವೆ (63 ತಾನೇ ಭಾಜ್ಯವಾದುದರಿಂದ ಅದನ್ನು ಬಿಟ್ಟಿದೆ). ಅವುಗಳಲ್ಲಿಯೂ ಅವಿಭಾಜ್ಯವಾದವನ್ನಷ್ಟೇ ಪರೀಕ್ಷಿಸಿದರೆ ಸಾಕು. ಸಾವಿರಾರು ಭಾಗಾಕಾರಗಳು ಹೀಗೆ ಕೆಲವು ನೂರಕ್ಕೆ ಇಳಿದುವು.

ಆದರೂ ಇದು ಭಾಗಾಕಾರದ ಮಾರ್ಗವೇ. ಇದಕ್ಕಿಂತ ಮುಂದೆ ಹೋಗುವುದು ಅಸಾಧ್ಯವೆಂದು ಆ ಕಾಲದವರಿಗೆ ತೋರಿದುದರಲ್ಲಿ ಆಶ್ಚರ್ಯವಿಲ್ಲ. 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ ತನ್ನ ಸಂಖ್ಯಾಶಾಸ್ತ್ರದ ಗ್ರಂಥದಲ್ಲಿ, ಆಯ್ಲರನ ಸಂಖ್ಯೆಯಿಂದ ಬರುವ ಪರಿಪೂರ್ಣ ಸಂಖ್ಯೆಯೇ ಎಂದೆಂದಿಗೂ ಕೊನೆಯದಾಗುವುದೆಂದೂ, ಪ್ರಯೋಜನವಿಲ್ಲದ ಬರಿಯ ಕುತೂಹಲದ ವಿಷಯವಾದುದರಿಂದ ಇನ್ನೂ ಮುಂದಿನದನ್ನು ಯಾರೂ ಅರಸಲಾರರೆಂದೂ ಬರೆದನು. ಅವನಿಗೆ ತಿಳಿದಿದ್ದ ಸಾಧನದ ಮಿತಿಯೊಳಗೆ ಅವನ ಮಾತು ಸರಿಯೇ. 2¹²⁷ − 1 ಎಂಬುದನ್ನು ಆಯ್ಲರನ ರೀತಿಯಲ್ಲಿ ಪರೀಕ್ಷಿಸಬೇಕಾದರೆ, ನಿಬಂಧನೆಗಳಿಗೆ ಒಳಪಟ್ಟ ಸಂಖ್ಯೆಗಳೇ ಸುಮಾರು 25 ಸಾವಿರ ಲಕ್ಷ ಕೋಟಿ ಇವೆ. ಸೆಕೆಂಡಿಗೆ ಒಂದರಂತೆ ಹಗಲಿರುಳು ಭಾಗಿಸುತ್ತ ಹೋದರೂ ಎಂಬತ್ತು ಕೋಟಿ ವರ್ಷಗಳು ಬೇಕು.

5

ಈ ಗೋಡೆಯನ್ನು ದಾಟಿದವನು ಫ್ರಾನ್ಸಿನ ಎದುವಾರ್ ಲ್ಯೂಕಾ (1842–1891). ಅವನು ಭಾಜಕಗಳನ್ನು ಹುಡುಕುವುದನ್ನೇ ಬಿಟ್ಟನು. ಸಂಖ್ಯೆ ಅವಿಭಾಜ್ಯವಾಗಿದ್ದಲ್ಲಿ ಮಾತ್ರ ಸಿದ್ಧಿಸುವ ಒಂದು ಲಕ್ಷಣವನ್ನು ಕಂಡುಹಿಡಿದು, ಆ ಲಕ್ಷಣವಿದೆಯೇ ಎಂದು ನೋಡಿದನು. ಮಾರ್ಗವು ಹೇಳುವುದಕ್ಕೆ ಸುಲಭ. 3ರಿಂದ ತೊಡಗಿ, ಪ್ರತಿಸಲವೂ ವರ್ಗಮಾಡಿ ಎರಡನ್ನು ಕಳೆಯಬೇಕು: 3, 7, 47, 2207 ಎಂದು ಶ್ರೇಢಿ ಬೆಳೆಯುತ್ತದೆ. ಪ್ರತಿ ಹಂತದಲ್ಲಿಯೂ ಪರೀಕ್ಷ್ಯ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಉಳಿಸಿಕೊಳ್ಳಬಹುದು. ಘಾತಾಂಕವನ್ನು ನಾಲ್ಕರಿಂದ ಭಾಗಿಸಿದಾಗ ಮೂರು ಉಳಿಯುವಂತಿದ್ದರೆ, ಘಾತಾಂಕಕ್ಕಿಂತ ಒಂದು ಕಡಿಮೆಯ ಸ್ಥಾನದಲ್ಲಿ ಶೇಷವು ಸೊನ್ನೆಯಾದಾಗ ಸಂಖ್ಯೆ ಅವಿಭಾಜ್ಯ, ಆಗದಿದ್ದರೆ ಭಾಜ್ಯ.

2⁷ − 1, ಅಂದರೆ 127, ಎಂಬುದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲ ಮೂರು ಪದಗಳು 3, 7, 47. ನಾಲ್ಕನೆಯದು 2207, ಅದನ್ನು 127ರಿಂದ ಭಾಗಿಸಿದರೆ ಶೇಷ 48. ಇದರ ವರ್ಗದಲ್ಲಿ ಎರಡು ಕಳೆದರೆ 2302, ಶೇಷ 16. ಮತ್ತೆ ವರ್ಗಮಾಡಿ ಎರಡು ಕಳೆದರೆ 254. ಇದು 127ರ ಎರಡರಷ್ಟು, ಶೇಷ ಸೊನ್ನೆ. ಆರನೆಯ ಸ್ಥಾನದಲ್ಲಿ ಸೊನ್ನೆ ಬಂದುದರಿಂದ 127 ಅವಿಭಾಜ್ಯ. ಎಲ್ಲಿಯೂ ಯಾವ ಭಾಜಕವನ್ನೂ ಹುಡುಕಿದುದಿಲ್ಲ. ಇದೇ ರೀತಿಯಲ್ಲಿ 2¹²⁷ − 1 ಎಂಬುದಕ್ಕೆ ಬೇಕಾದುದು 125 ವರ್ಗಗಳು ಮಾತ್ರ. ಒಂದೊಂದು ವರ್ಗವೂ 39 ಅಂಕಿಗಳ ಸಂಖ್ಯೆಯದೆಂಬುದು ನಿಜ. ಆದರೂ ಒಬ್ಬ ಮನುಷ್ಯನ ತಾಳ್ಮೆಗೆ ನಿಲುಕುವ ಕೆಲಸವದು. ಎಂಬತ್ತು ಕೋಟಿ ವರ್ಷಗಳ ದುಡಿಮೆ ಒಂದು ಮೇಜಿನ ಮೇಲಿನ ಕೆಲಸಕ್ಕೆ ಇಳಿಯಿತು.

ಇಲ್ಲಿ ಈ ಸಂಖ್ಯೆಯ ವಿಶೇಷ ಗುಣವೊಂದು ನೆರವಿಗೆ ಬರುತ್ತದೆ. ದಶಮಾನ ಪದ್ಧತಿಯಲ್ಲಿ 999ರಿಂದ ಭಾಗಿಸಿದಾಗಿನ ಶೇಷವನ್ನು ತಿಳಿಯಲು ಭಾಗಾಕಾರ ಬೇಡ. ಅಂಕಿಗಳನ್ನು ಮೂರು ಮೂರಾಗಿ ಒಡೆದು ಕೂಡಿಸಿದರೆ ಸಾಕು. ದ್ವಿಮಾನ ಪದ್ಧತಿಯಲ್ಲಿ 2¹²⁷ − 1 ಎಂಬುದು 127 ಒಂದುಗಳ ಸಾಲು. ಆದುದರಿಂದ ಅಲ್ಲಿಯೂ ಭಾಗಿಸುವುದರ ಬದಲು ಒಡೆದು ಕೂಡಿಸುವುದೇ ಸಾಕಾಗುತ್ತದೆ. ಪ್ರತಿ ಸಾಲಿನಲ್ಲಿ 127 ಮನೆಗಳುಳ್ಳ ಚದುರಂಗದ ಹಾಸಿನ ಮೇಲೆ ಕಾಯಿಗಳನ್ನಿಟ್ಟು ಈ ಗಣನೆಯನ್ನು ನಡೆಸುವ ಬಗೆಯನ್ನು ಲ್ಯೂಕಾ ವಿವರಿಸಿದ್ದಾನೆ.

3, 7, 47, 2207 ಎಂಬ ಪದಗಳು ಒಂದು ಪ್ರಸಿದ್ಧ ಶ್ರೇಢಿಗೆ ಸೇರಿದವು ಎಂಬುದೂ ಗಮನಾರ್ಹ. ಹಿಂದಿನ ಎರಡು ಪದಗಳನ್ನು ಕೂಡಿಸಿ ಮುಂದಿನದನ್ನು ಪಡೆಯುವ 1, 3, 4, 7, 11, 18, 29, 47 ಎಂಬ ಶ್ರೇಢಿಯಲ್ಲಿ ಇವು ಎರಡನೆಯ, ನಾಲ್ಕನೆಯ, ಎಂಟನೆಯ, ಹದಿನಾರನೆಯ ಸ್ಥಾನಗಳಲ್ಲಿ ಬರುತ್ತವೆ. ಇದರ ಸೋದರ ಶ್ರೇಢಿಯಾದ 1, 2, 3, 5, 8, 13 ಎಂಬುದಕ್ಕೆ ಫಿಬೊನಾಚಿಯ ಹೆಸರನ್ನು ರೂಢಿಗೆ ತಂದವನು ಲ್ಯೂಕಾನೇ. ಅದೇ ಶ್ರೇಢಿಯನ್ನು ಮಾತ್ರಾವೃತ್ತಗಳ ಪ್ರಸ್ತಾರದಲ್ಲಿ ವಿರಹಾಂಕ, ಹೇಮಚಂದ್ರ ಮೊದಲಾದ ನಮ್ಮ ಛಂದಶ್ಶಾಸ್ತ್ರಜ್ಞರು ಫಿಬೊನಾಚಿಗಿಂತ ಮೊದಲೇ ಅರಿತಿದ್ದರು.

1876ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ವರದಿಯಲ್ಲಿ ಲ್ಯೂಕಾನ ಫಲಿತಾಂಶ ಅಚ್ಚಾಯಿತು. ಮರ್ಸೆನ್ನನ ಮಾತು ಇಲ್ಲಿ ನಿಜವಾಯಿತು. ಆದರೆ ಹೇಳಿದ 232 ವರ್ಷಗಳ ಮೇಲೆ ಅದಕ್ಕೆ ಪ್ರಮಾಣ ದೊರೆಯಿತು. ಲ್ಯೂಕಾನ ಬರೆಹಗಳಲ್ಲಿಯೂ ನ್ಯೂನತೆಗಳಿದ್ದುವು. ಪ್ರಮೇಯಗಳನ್ನು ಸಾರಿದಷ್ಟು ಪೂರ್ಣವಾಗಿ ಅವನು ಸಾಧಿಸಲಿಲ್ಲ. 1914ರಲ್ಲಿ ಫೋಕಂಬೆರ್ಗ್ ಈ ಸಂಖ್ಯೆಯನ್ನು ಮತ್ತೆ ಪರೀಕ್ಷಿಸಿ ದೃಢಪಡಿಸಿದರು. 1930ರಲ್ಲಿ ಅಮೆರಿಕದ ಡಿ. ಎಚ್. ಲೆಹ್ಮರ್ ಅವರು ಪರೀಕ್ಷೆಯ ಸಿದ್ಧಾಂತಕ್ಕೆ ಪೂರ್ಣವಾದ ಸಾಧನೆಯನ್ನು ಕೊಟ್ಟರು.

6

ಅದೇ ವರ್ಷ, ಅದೇ ಮಾರ್ಗದಿಂದ, ಲ್ಯೂಕಾ ಇನ್ನೊಂದು ನಿರ್ಣಯಕ್ಕೂ ಬಂದನು: 2⁶⁷ − 1 ಅವಿಭಾಜ್ಯವಲ್ಲ. ಮರ್ಸೆನ್ನನ ಪಟ್ಟಿಯಲ್ಲಿ ಸಿಕ್ಕಿದ ಮೊದಲ ತಪ್ಪು ಇದು. ಆದರೆ ಆ ಸಂಖ್ಯೆ ಯಾವುದರಿಂದ ಭಾಗವಾಗುತ್ತದೆಂಬುದನ್ನು ಅವನು ಹೇಳಲಿಲ್ಲ, ಅವನ ಪರೀಕ್ಷೆಯಿಂದ ಹೇಳಲು ಬರುವಂತೆಯೂ ಇರಲಿಲ್ಲ. ಇದು ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಿದಂತೆ. ಬೆಂಕಿ ಕಣ್ಣಿಗೆ ಬಿದ್ದಿರಲಿಲ್ಲ.

1883ರಲ್ಲಿ ರಷ್ಯದ ಪರ್ಮ್ ಪ್ರಾಂತದ ಕ್ರೈಸ್ತ ಪುರೋಹಿತನಾದ ಪೆರ್ವುಶಿನ್, ಮರ್ಸೆನ್ನನು ಬಿಟ್ಟಿದ್ದ 2⁶¹ − 1 ಅವಿಭಾಜ್ಯವೆಂದು ತೋರಿಸಿದನು. ಆಗ ಕೆಲವು ವಿದ್ವಾಂಸರು, ಮರ್ಸೆನ್ನನು ಬರೆದುದು 61 ಎಂದೇ ಇರಬೇಕು, 67 ಎಂಬುದು ಅಚ್ಚಿನ ತಪ್ಪು ಎಂದು ಸಮಾಧಾನ ಹೇಳಿದರು. ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಈ ಬಗೆಯ ವಾದ ಅಪರಿಚಿತವಲ್ಲ. ಗ್ರಂಥಕಾರನ ಮೇಲಿನ ಗೌರವದಿಂದ ದೋಷವನ್ನು ಲಿಪಿಕಾರನ ಮೇಲೆ ಹೊರಿಸುವುದು ಹಳೆಯ ಪದ್ಧತಿ. ಒಂದೇ ದೋಷವಿದ್ದಾಗ ಅಂತಹ ತಿದ್ದುಪಡಿಗೆ ಅವಕಾಶವುಂಟು. ಆದರೆ 1911ರಲ್ಲಿ ಅಮೆರಿಕದ ಪವರ್ಸ್ 2⁸⁹ − 1 ಎಂಬುದೂ, 1914ರಲ್ಲಿ 2¹⁰⁷ − 1 ಎಂಬುದೂ ಅವಿಭಾಜ್ಯಗಳೆಂದು ತೋರಿಸಿದ ಮೇಲೆ, ಅಚ್ಚಿನವನನ್ನು ದೂರುವುದರಿಂದ ಪಟ್ಟಿಯನ್ನು ಉಳಿಸುವುದು ಸಾಧ್ಯವಾಗಲಿಲ್ಲ.

ಈ ನಡುವೆ 67ರ ಬೆಂಕಿ ಕಣ್ಣಿಗೆ ಬಿದ್ದಿತು. 1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ನೆರೆದ ಅಮೆರಿಕನ್ ಗಣಿತ ಸಂಘದ ಸಭೆಯಲ್ಲಿ ಎಫ್. ಎನ್. ಕೋಲ್ ಅವರು,

193707721 × 761838257287 = 147573952589676412927

ಎಂಬುದನ್ನು ಮುಂದಿಟ್ಟರು. ಬಲಗಡೆಯದು 2⁶⁷ − 1. ಕೋಲ್ ಅವರು ಒಂದು ಮಾತನ್ನೂ ಆಡದೆ ಕರಿಹಲಗೆಯ ಮೇಲೆ ಘಾತವನ್ನೂ ಗುಣಾಕಾರವನ್ನೂ ಮಾಡಿ ತೋರಿಸಿ ಕುಳಿತರೆಂದೂ, ಸಭೆ ಕರತಾಡನ ಮಾಡಿತೆಂದೂ, ಇದಕ್ಕೆ ಮೂರು ವರ್ಷಗಳ ಭಾನುವಾರಗಳು ಹಿಡಿದುವೆಂದು ಅವರು ಆಮೇಲೆ ಹೇಳಿದರೆಂದೂ ಒಂದು ಕಥೆ ಪ್ರಸಿದ್ಧವಾಗಿದೆ. ಈ ಕಥೆಯನ್ನು ಪ್ರಚಾರಕ್ಕೆ ತಂದವರು ಇ. ಟಿ. ಬೆಲ್, ಅವರ ಪುಸ್ತಕ ಹೊರಬಿದ್ದುದು 1951ರಲ್ಲಿ, ಎಂದರೆ ಸಭೆಯಾದ 48 ವರ್ಷಗಳ ಮೇಲೆ. ಇತಿಹಾಸಕಾರನು ಇಲ್ಲಿ ಎರಡನ್ನು ಬೇರ್ಪಡಿಸಬೇಕು. ಮೌನದ ಕಥೆಗೆ ತಡವಾದ ಸಾಕ್ಷ್ಯವೊಂದೇ ಆಧಾರ; ನಂಬಬಹುದು, ನಂಬದಿರಲೂಬಹುದು. ಗುಣಾಕಾರಕ್ಕೆ ಸಾಕ್ಷಿಯೇ ಬೇಡ. ಕೋಲ್ ಅವರು ಯಾರೆಂದು ತಿಳಿಯದ ಶಾಲೆಯ ಬಾಲಕನೂ ಕಾಗದ, ಲೇಖನಿಗಳನ್ನು ತೆಗೆದುಕೊಂಡು ಅರ್ಧ ಗಂಟೆಯಲ್ಲಿ ಅದನ್ನು ಸ್ವತಃ ಕಾಣಬಹುದು. ಪ್ರತ್ಯಕ್ಷ ಪ್ರಮಾಣವೆಂದರೆ ಇದೇ. ಹುಡುಕುವುದಕ್ಕೆ ವರ್ಷಗಳೇ ಹಿಡಿದರೂ ಪರಿಶೀಲಿಸುವುದಕ್ಕೆ ನಿಮಿಷಗಳು ಸಾಕು.

ಪಟ್ಟಿಯ ಕೊನೆಯ ಸಂಖ್ಯೆಯಾದ 2²⁵⁷ − 1 ಭಾಜ್ಯವೆಂದು 1927ರಲ್ಲಿ ಲೆಹ್ಮರ್ ಪ್ರಕಟಿಸಿದರು. ಉಳಿದಿದ್ದ ಘಾತಾಂಕಗಳನ್ನು ಯೇಲ್ ವಿಶ್ವವಿದ್ಯಾನಿಲಯದ ಎಚ್. ಎಸ್. ಊಲರ್ ಒಂದೊಂದಾಗಿ ಮುಗಿಸಿದರು. 1947ರ ವೇಳೆಗೆ ಸರಿಯಾದ ಪಟ್ಟಿ ಸಿದ್ಧವಾಯಿತು: 2, 3, 5, 7, 13, 17, 19, 31, 61, 89, 107, 127. ಮರ್ಸೆನ್ನನು ಸೇರಿಸಬಾರದ ಎರಡನ್ನು ಸೇರಿಸಿದ್ದನು, ಸೇರಿಸಬೇಕಾದ ಮೂರನ್ನು ಬಿಟ್ಟಿದ್ದನು. ಒಂದು ವಾಕ್ಯದ ಪರೀಕ್ಷೆಗೆ 303 ವರ್ಷಗಳು ಹಿಡಿದುವು.

7

1951ರಲ್ಲಿ ಫೆರಿಯೆ ಎಂಬವರು ಮೇಜಿನ ಮೇಲಿನ ಗಣನಯಂತ್ರದ ಸಹಾಯದಿಂದ 44 ಅಂಕಿಗಳ ಅವಿಭಾಜ್ಯವೊಂದನ್ನು ಕಂಡರು. ಅದೇ ವರ್ಷ ಕೇಂಬ್ರಿಜ್ಜಿನ ವಿದ್ಯುದ್ಗಣಕದ ಮೇಲೆ ಮಿಲ್ಲರ್ ಮತ್ತು ವೀಲರ್ 79 ಅಂಕಿಗಳದನ್ನು ಪಡೆದರು. ಅವರ ಸಂಖ್ಯೆ ಲ್ಯೂಕಾನ ಸಂಖ್ಯೆಯ ವರ್ಗವನ್ನು 180ರಿಂದ ಗುಣಿಸಿ ಒಂದನ್ನು ಕೂಡಿಸಿದುದು. ಹಳೆಯ ದಾಖಲೆಯನ್ನು ಮುರಿಯಲು ಹಳೆಯ ಸಂಖ್ಯೆಯೇ ಮೆಟ್ಟಿಲಾಯಿತು. 1952ರ ಜನವರಿ 30ರಂದು ರಾಬಿನ್ಸನ್ ಅವರ ಕಾರ್ಯಕ್ರಮವನ್ನು ಲಾಸ್ ಏಂಜಲೀಸಿನ ‘ಸ್ವ್ಯಾಕ್’ ಗಣಕದಲ್ಲಿ ನಡೆಸಿದಾಗ ಒಂದೇ ದಿನ 2⁵²¹ − 1 ಮತ್ತು 2⁶⁰⁷ − 1 ಎಂಬ ಎರಡು ಅವಿಭಾಜ್ಯಗಳು ದೊರೆತುವು. ಅಲ್ಲಿಂದ ಮುಂದಿನದು ಯಂತ್ರಗಳ ಚರಿತ್ರೆ. 2024ರ ಅಕ್ಟೋಬರಿನಲ್ಲಿ ಘೋಷಿತವಾದ 2ರ 136279841ನೆಯ ಘಾತಕ್ಕೆ ಒಂದು ಕಡಿಮೆಯಾದ ಅವಿಭಾಜ್ಯದಲ್ಲಿ 41024320 ಅಂಕಿಗಳಿವೆ. ಅದನ್ನು ಪರೀಕ್ಷಿಸಿದುದೂ ಲ್ಯೂಕಾ ಮತ್ತು ಲೆಹ್ಮರರ ಮಾರ್ಗದಿಂದಲೇ. ಇನ್ನೊಂದೆಡೆ, ಯಾವ ಸಂಖ್ಯೆಯನ್ನೇ ಆಗಲಿ ಮಿತವಾದ ಹಂತಗಳಲ್ಲಿ ನಿಸ್ಸಂದೇಹವಾಗಿ ನಿರ್ಣಯಿಸುವ ಸಾರ್ವತ್ರಿಕ ಪರೀಕ್ಷೆಯನ್ನು 2002ರಲ್ಲಿ ನಮ್ಮ ಕಾನ್ಪುರದ ತಾಂತ್ರಿಕ ಸಂಸ್ಥೆಯ ಅಗರವಾಲ್, ಕಯಾಲ್, ಸಕ್ಸೇನಾ ಎಂಬ ಮೂವರು ಪ್ರಕಟಿಸಿದರು.

ಈ ಸಂಗತಿಗಳಿಂದ ತಿಳಿಯುವುದೇನು? ದೊಡ್ಡ ಅವಿಭಾಜ್ಯ ಸಂಖ್ಯೆಗಳ ಚರಿತ್ರೆಯನ್ನು ಅಂಕಿಗಳು ಬೆಳೆದ ಚರಿತ್ರೆಯೆಂದು ಬರೆಯುವುದು ವಾಡಿಕೆ. ಬೆಳೆದುದು ಪ್ರಮಾಣವೆಂಬುದು ಈ ಲೇಖನದ ಅಭಿಪ್ರಾಯ. 1644ರಲ್ಲಿ 127, 67 ಮತ್ತು 257 ಒಂದೇ ಸಾಲಿನಲ್ಲಿ, ಒಂದೇ ಅಧಿಕಾರದಿಂದ, ಒಂದೇ ಬಗೆಯ ನಿಶ್ಚಯದಿಂದ ನಿಂತಿದ್ದುವು. ಅವುಗಳಲ್ಲಿ ಒಂದು ನಿಜ, ಎರಡು ಸುಳ್ಳು. ಓದುವವನಿಗೆ ಇದನ್ನು ಬೇರ್ಪಡಿಸುವ ಗುರುತು ಯಾವುದೂ ಇರಲಿಲ್ಲ. ಮರ್ಸೆನ್ನನು 127ರ ವಿಷಯದಲ್ಲಿ ನಿಜವನ್ನು ಹೇಳಿದನು, ಆದರೆ ಅದು ಅವನಿಗೆ ತಿಳಿದಿತ್ತೆಂದು ಹೇಳಲಾಗದು. ಫಲಿಸಿದ ಊಹೆಗೂ ಜ್ಞಾನಕ್ಕೂ ಇರುವ ಅಂತರ ಇದು.

ಇಂದಿನ ನಾಲ್ಕು ಕೋಟಿ ಅಂಕಿಗಳ ಸಂಖ್ಯೆಯನ್ನು ಯಾವ ಮನುಷ್ಯನೂ ಕೈಯಿಂದ ಪರೀಕ್ಷಿಸಲಾರನು. ಯಂತ್ರದ ಮಾತು ಮತ್ತೊಂದು ಆಪ್ತವಾಕ್ಯವಾಗದಂತೆ, ಬೇರೆಬೇರೆ ಯಂತ್ರಗಳಲ್ಲಿ, ಬೇರೆಬೇರೆ ಕಾರ್ಯಕ್ರಮಗಳಿಂದ ಗಣನೆಯನ್ನು ಮರಳಿ ನಡೆಸಿ, ಫಲಗಳು ಹೊಂದಿದ ಮೇಲೆಯೇ ಪ್ರಕಟಿಸುವ ಕ್ರಮವನ್ನು ಗಣಿತಜ್ಞರು ಇಟ್ಟುಕೊಂಡಿದ್ದಾರೆ. ಒಂದೇ ಘಟನೆಗೆ ಪರಸ್ಪರ ಸಂಬಂಧವಿಲ್ಲದ ಎರಡು ಆಕರಗಳನ್ನು ಬೇಡುವ ನಮ್ಮ ಶಾಸ್ತ್ರದ ನಿಯಮವೂ ಇದೇ. ಒಂದು ಪಟ್ಟಿ, ಒಂದು ವಂಶಾವಳಿ, ಒಂದು ತೇದಿ ಎಷ್ಟೇ ದೊಡ್ಡವರ ಕೈಯಿಂದ ಬಂದಿರಲಿ, ಅದನ್ನು ಎತ್ತಿ ಬರೆಯುವ ಮುನ್ನ ಇದನ್ನು ಯಾರು, ಹೇಗೆ ಪರೀಕ್ಷಿಸಿದರು ಎಂದು ಕೇಳುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆಯಬೇಕಾಗಿದೆ. 67ರ ಸುಳ್ಳು 232 ವರ್ಷಗಳ ವರೆಗೆ ಬಾಳಿದುದು ಆ ಪ್ರಶ್ನೆಯನ್ನು ಕೇಳುವವರಿಲ್ಲದುದರಿಂದಲ್ಲ, ಅದಕ್ಕೆ ಉತ್ತರ ಕೊಡುವ ಸಾಧನವಿಲ್ಲದುದರಿಂದ. ನಮ್ಮ ಕ್ಷೇತ್ರದಲ್ಲಿ ಸಾಧನಗಳು ಅನೇಕವಾಗಿವೆ, ಕೇಳುವುದೊಂದೇ ಉಳಿದಿದೆ.